ಎಡ ಸೈಲೆನ್ಸರಿನ ಸರ್ಟಿಫಿಕೇಟು

ತಿಪ್ಪೇಶಿಯ ಮೋಟರ್‌ಸೈಕಲ್ಲಿಗೆ ಎರಡು ಸೈಲೆನ್ಸರುಗಳಿದ್ದವು. ಗಾಡಿ ಹೊಸದಾಗಿ ಬಂದ ದಿನದಿಂದಲೂ ಹೊಗೆಯೆಲ್ಲ ಬಲಗಡೆಯದರ ಪಾಲು. ಎಡಗಡೆಯದರ ಬಾಯಿಂದ ಬರುತ್ತಿದ್ದುದು ಒಂದಿಷ್ಟು ಬಿಸಿಯುಸಿರು ಮಾತ್ರ. ಅದನ್ನೇ ಅದು ತನ್ನ ಸಂಸ್ಕಾರವೆಂದು ತಿಳಿದಿತ್ತು.

"ನಿನ್ನ ಮುಸುಡಿ ನೋಡಿಕೋ, ಸೌದೆ ಒಲೆಯ ಹಾಗೆ ಮಸಿ ಹಿಡಿದಿದೆ," ಎಂದು ಒಂದು ದಿನ ಎಡಗಡೆಯದು ಹೀಯಾಳಿಸಿತು. "ನನ್ನ ಮೈಮೇಲೆ ಒಂದು ಕಲೆಯಿದ್ದರೆ ತೋರಿಸು."

"ನಿನ್ನ ಪಾಲಿನದನ್ನೂ ನಾನೇ ಉಗುಳುತ್ತಿದ್ದೇನಲ್ಲ, ಎಲ್ಲಿಂದ ಬರಬೇಕು ಕಲೆ?" ಎಂದಿತು ಬಲಗಡೆಯದು.

ಅದೇ ದಿನ ಗಾಡಿ ಎಮಿಷನ್ ಟೆಸ್ಟಿಗೆ ನಿಂತಿತು. ಟೆಸ್ಟಿನವನು ಕೈಗೆ ಹತ್ತಿರವಿದ್ದ ಎಡ ಸೈಲೆನ್ಸರಿಗೆ ಕೊಳವೆ ತೂರಿಸಿ, ಯಂತ್ರ ನೋಡಿ, "ಗಾಡಿ ಭಾರಿ ಕ್ಲೀನಾಗಿದೆ ಅಣ್ಣ," ಎಂದು ಸರ್ಟಿಫಿಕೇಟು ಕೊಟ್ಟ. ಎಡಗಡೆಯದು ದಾರಿಯುದ್ದಕ್ಕೂ ಅದನ್ನೇ ಹೇಳಿ ಕೊಚ್ಚಿಕೊಂಡಿತು.

ಕೇಳಿ ಕೇಳಿ ಸಾಕಾದ ಬಲಗಡೆಯದು ಏರು ಶುರುವಾದ ಕೂಡಲೇ, "ಈ ದಿಬ್ಬ ತಾವೇ ಹತ್ತಿಸಿ ಸ್ವಾಮಿ," ಎಂದು ಬಾಯಿ ಮುಚ್ಚಿಕೊಂಡಿತು. ಎಂಜಿನ್ನು ನಾಲ್ಕು ಸಲ ಬಿಕ್ಕಿ ಅರ್ಧ ದಾರಿಯಲ್ಲೇ ನಿಂತುಹೋಯಿತು. ತಿಪ್ಪೇಶಿ ಇಳಿದು, ಏದುಸಿರು ಬಿಡುತ್ತ ಗಾಡಿ ತಳ್ಳತೊಡಗಿದ.

ಎಡಗಡೆಯದು ಸಮಾಧಾನದಿಂದ ಹೇಳಿತು: "ನೋಡು, ಒಂದಿಷ್ಟೂ ಹೊಗೆಯಿಲ್ಲದೆ ಗಾಡಿ ಹೇಗೆ ಹೋಗುತ್ತಿದೆ."