ಹುತ್ತ ಬಾಡಿಗೆಗಿದೆ

ಬಸುರಿ ಮುಂಗುಸಿಗೆ ದಲ್ಲಾಳಿ ನರಿ ಒಂದು ಹುತ್ತ ತೋರಿಸಿದ.

"ಅಕ್ಕಾ, ಮಾಲೀಕರು ದೂರದ ಕಾಡಿನಲ್ಲಿದ್ದಾರೆ. ಹತ್ತು ಮೊಟ್ಟೆ ಮುಂಗಡ ಈಗಲೇ ಕೊಡಿ. ಸಂಜೆಗೆ ಬಂದರೆ ಸಿಗಲ್ಲ."

ಅವಳ ಹತ್ತಿರ ಇದ್ದದ್ದೇ ಹತ್ತು ಮೊಟ್ಟೆ.

"ಕೊಡ್ತೀನಪ್ಪ, ಮೊದಲು ಹಾಲುಕ್ಕಿಸೋಣ," ಎಂದು ಮುಂಗುಸಿ ಹುತ್ತದ ಬಾಯಲ್ಲೇ ಒಲೆ ಹೂಡಿದಳು.

"ಮುಂಗಡ ಕೊಡದೆ ಹಾಲುಕ್ಕಿಸ್ತಾರಾ?" ನರಿ ಕುಣಿದಾಡಿದ.

ಹಾಲು ಉಕ್ಕಿತು. ಹೊಗೆ ತಾಳಲಾರದೆ ನಾಗರಹಾವು ಕೆಮ್ಮುತ್ತಾ ಹೊರಬಂತು. "ಯಾವನೋ ಅವನು, ನಾನಿರುವ ಮನೆ ಬಾಡಿಗೆಗೆ ಕೊಡುವವನು?"

ನರಿ ಓಟ ಕಿತ್ತ. ಮುಂಗುಸಿಯನ್ನು ಕಂಡ ಹಾವು ನಡುಗಿತು.

"ಹೆದರಬೇಡಿ ಯಜಮಾನ್ರೇ, ನಾನು ಮನೆ ನೋಡೋಕೆ ಬಂದವಳು," ಎಂದವಳೇ ಮುಂಗುಸಿ ಕಾಡಿಗೆಲ್ಲ ಕೇಳುವಂತೆ ಕೂಗಿದಳು: "ಈ ಹುತ್ತಕ್ಕೆ ಮುಂಗಡ ಕೊಟ್ಟವರೆಲ್ಲ ಬನ್ರೋ!"

ಪೊದೆಪೊದೆಯಿಂದ ಮೊಲ, ಉಡ, ಮುಳ್ಳುಹಂದಿ ಎದ್ದುಬಂದು, ಓಡುತ್ತಿದ್ದ ನರಿಗೆ ಅಡ್ಡ ನಿಂತವು. ಒಬ್ಬೊಬ್ಬರನ್ನೇ ಸುಲಿದಿದ್ದ ನರಿ ಅವರನ್ನೆಲ್ಲ ಒಟ್ಟಿಗೆ ನೋಡಿದ್ದು ಅದೇ ಮೊದಲು.