ಹಯಗ್ರೀವದ ವಿದೇಶ ಸೇವೆ

ರಾಯಭಾರಿ ರಾಜೀವಲೋಚನರಾಯರು ನಾರ್ವೆ, ಕೀನ್ಯಾಗಳಲ್ಲಿ ದೇಶದ ಮಾನ ಕಾಪಾಡಿ, ಈಗ ಪೆರುವಿನಲ್ಲೂ ಕಾಪಾಡಿ ಮುಗಿಸಿ ಹೊರಟು ನಿಂತಿದ್ದರು. ಅಷ್ಟೂ ವರ್ಷ ರಾಯರ ಹೊಟ್ಟೆ ಕಾಪಾಡಿದವರು ಕೋಟದ ಅಡುಗೆ ಐತಾಳರು.

ಬೀಳ್ಕೊಡುಗೆ ಔತಣದ ದಿನ ರಾಯರು ಅಪ್ಪಣೆ ಕೊಡಿಸಿದರು. "ಐತಾಳ, ಸಂಜೆ ಮಂತ್ರಿಗಳು ಬರ್ತಾರೆ. ಪೆರುವಿನ ಗೌರವಕ್ಕೇ ಅಂತ, ಜಗತ್ತಲ್ಲಿ ಯಾರೂ ಮಾಡದ ಸಿಹಿ ಆಗ್ಬೇಕು. ಇಲ್ಲದಿದ್ರೆ ನಾಳೆಯೇ ನಿನ್ನನ್ನ ಊರಿನ ವಿಮಾನ ಹತ್ತಿಸ್ತೀನಿ."

ಮಧ್ಯಾಹ್ನ ಐತಾಳರು ಬೆಳ್ಳಿ ಬಟ್ಟಲು ತಂದಿಟ್ಟರು. "ಪೆರು ವಿಲಾಸ, ಸಾರ್."

ಒಂದು ಚಮಚ ಬಾಯಿಗಿಟ್ಟದ್ದೇ ರಾಯರ ಮೂಗು ಕೆಂಪಾಯಿತು. "ಇದು ಕಡಲೆಬೇಳೆ ಹಯಗ್ರೀವ ಕಣಯ್ಯಾ! ನಾರ್ವೆಯಲ್ಲಿ ನಾರ್ವೆ ವಿಲಾಸ ಅಂತ ಬಡಿಸಿದ್ದೂ ಇದೇ, ಕೀನ್ಯಾ ವಿಲಾಸ ಅಂದದ್ದೂ ಇದೇ! ಹೆಸರು ಬದಲಾಯಿಸಿ ದೇಶದೇಶಗಳಿಗೇ ಟೋಪಿ ಹಾಕ್ತೀಯಾ?"

ಐತಾಳರು ಹೆಗಲ ಬೈರಾಸಿನಲ್ಲಿ ಕೈ ಒರೆಸಿಕೊಂಡರು. "ಎಲ್ಲ ನಿಮ್ಮಿಂದ್ಲೇ ಕಲ್ತದ್ದು ಸಾರ್. 'ನಾನು ಹುಟ್ಟಿದ್ದು ಭಾರತದಲ್ಲಿ, ನನ್ನ ಹೃದಯ ಹುಟ್ಟಿದ್ದು ಇಲ್ಲಿ' ಅಂತ ನೀವು ಹೋದಲ್ಲೆಲ್ಲ ಕಣ್ಣೊರೆಸಿಕೊಂಡು ಭಾಷಣ ಮಾಡುವಾಗ ನಾನು ಬಾಗಿಲ ಹಿಂದೆಯೇ ಇದ್ದೆ. ನಾನಾದ್ರೂ ಒಮ್ಮೆ ಗೋಡಂಬಿ, ಒಮ್ಮೆ ಬಾದಾಮಿ ಅಂತ ಬದಲಾಯಿಸಿದ್ದೇನೆ."

ರಾಯರು ಬಾಗಿಲ ಕಡೆ ನೋಡಿದರು. ಪುಣ್ಯಕ್ಕೆ ಯಾರೂ ಇರಲಿಲ್ಲ. ಸದ್ದಿಲ್ಲದೆ ಇನ್ನೊಂದು ಚಮಚ ತಿಂದರು. "ಆಯ್ತು, ಇದನ್ನೇ ಬಡಿಸು."

"ಬಡಿಸ್ತೇನೆ ಸಾರ್. ಆದ್ರೆ ನಿಮ್ಮ ಭಾಷಣ ಮುಗಿದ ಮೇಲೆ. ಹೋದ ಸಲ ನೀವು ಕೀನ್ಯಾದಲ್ಲಿ ನಿಂತು ನಾರ್ವೆಗೆ ಅತ್ತುಬಿಟ್ರಿ. ಇವತ್ತು ಯಾವ ದೇಶಕ್ಕೆ ಅಳ್ತೀರಿ ಅಂತ ನೋಡ್ಕೊಂಡು ಹೆಸರಿಡ್ತೇನೆ."