ಓಬಕ್ಕನ ಮಗನೂ ಜೋಡಿ ಸಿಲಿಂಡರಿನ ಬೈಕೂ

ಕೇಳ್ರಪ್ಪಾ, ನಗುವುದಿದ್ದರೆ ಈಗಲೇ ನಕ್ಕುಬಿಡಿ. ಆಮೇಲೆ ನಗು ಬರದಿದ್ದರೆ ನಾನು ಹೊಣೆಯಲ್ಲ.

ಚಿತ್ರದುರ್ಗದ ಹೈವೇ ಬದಿಯಲ್ಲಿ ಒಂದು ಬೈಕ್ ಶೋರೂಮು. ಅಲ್ಲಿ ಕಸ ಗುಡಿಸುವವಳು ಓಬಕ್ಕ. ಅವಳಿಗೊಬ್ಬನೇ ಮಗ, ಪಾಲಯ್ಯ. ವಯಸ್ಸು ಮೂವತ್ತೆರಡು, ಮೀಸೆ ಪೊಗದಸ್ತಾಗಿದೆ, ಬುದ್ಧಿ ಮಾತ್ರ ಮೀಸೆಯ ಜೊತೆ ಬೆಳೆಯಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ, ಅಷ್ಟೇ ಅವನಿಗೆ ಗೊತ್ತು. ಓಬಕ್ಕನಿಗೆ ಎದೆನೋವು. ಡಾಕ್ಟರು ಬಹಳ ದಿನದ ಭರವಸೆ ಕೊಟ್ಟಿಲ್ಲ. ತಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಒಂದು ತುತ್ತು ಹಾಕುವವರು ಯಾರು ಅನ್ನುವುದೊಂದೇ ಅವಳ ಸಂಕಟ. ಅದಕ್ಕೇ ಮಗನಿಗೊಂದು ಕೆಲಸ ಕೊಡಿ ಅಂತ ಮಾಲೀಕ ಮುರುಗೇಂದ್ರಪ್ಪನ ಕಾಲು ಹಿಡಿದಳು.

"ಆಗ್ಲಿ ಓಬಕ್ಕ. ಹೊಸ ಬೈಕು ಬಂದೈತೆ. ಆರುನೂರೈವತ್ತು ಸಿಸಿ, ಜೋಡಿ ಸಿಲಿಂಡರು. ಓಡ್ಸಿ ನೋಡಿದೋರು ಏನಂದ್ರು ಅಂತ ಕೇಳ್ಕಂಡು ಬಂದು ನನಗೆ ಹೇಳ್ಬೇಕು. ಶನಿವಾರದ ತನಕ ನೆಟ್ಟಗೆ ಮಾಡಿದ್ರೆ ನಿನ್ನ ಮಗನ ಕೆಲ್ಸ ಕಾಯಂ!"

ಓಬಕ್ಕ ಮಗನ ತಲೆಗೆ ಎಣ್ಣೆ ಹಚ್ಚಿ ಬಾಚಿದಳು. "ಪಾಲ, ಒಂದಕ್ಷರ ಬಿಡಬ್ಯಾಡ ಕಣ್ಲಾ! ಅವರು ಅಂದಂಗೇ ಹೇಳು!"

"ಆಗ್ಲಿ ಕಣವ್ವ!"

ಸೋಮವಾರ ಒಬ್ಬ ದಪ್ಪನೆಯ ಕಂಟ್ರಾಕ್ಟರು ಓಡಿಸಿ ನೋಡಿ, ಸೊಂಟ ಹಿಡಿದುಕೊಂಡು ಇಳಿದ. "ಸೌಂಡು ಭೇಷಾಗೈತಪ್ಪ. ಆದ್ರೆ ಬಗ್ಗಿ ಬಗ್ಗಿ ಸೊಂಟ ಬಿದ್ದೋಯ್ತು, ಇಂಜಿನ್ ಕಾವಿಗೆ ತೊಡೆ ಬೆಂದೋಯ್ತು. ಈ ರೇಟಿಗೆ ಇದನ್ನ ಮಾರೋನು ಹಗಲುಗಳ್ಳ!"

ಪಾಲಯ್ಯ ಓಡಿದ. ಒಳಗೆ ಬೇರೊಬ್ಬ ಗಿರಾಕಿ ಅದೇ ಬೈಕಿಗೆ ಸಹಿ ಹಾಕಲು ಪೆನ್ನು ತೆಗೆದಿದ್ದ.

"ಯಜಮಾನ್ರೇ! ಸೊಂಟ ಬಿತ್ತಂತೆ! ತೊಡೆ ಬೆಂತಂತೆ! ನೀವು ಹಗಲುಗಳ್ಳರಂತೆ!"

ಗಿರಾಕಿ ಪೆನ್ನು ಜೇಬಿಗಿಟ್ಟುಕೊಂಡು ಎದ್ದು ಹೋದ. ಮುರುಗೇಂದ್ರಪ್ಪ ಕೂಗಾಡಿದ. ಓಬಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ಮಂಕೇ! ಒಳ್ಳೇದು ಅಂದಿದ್ದನ್ನ ಮಾತ್ರ ಹೇಳ್ಬೇಕು, ಕೆಟ್ಟದ್ದು ಅಂದಿದ್ದನ್ನ ಹೇಳ್ಬಾರ್ದು!"

"ಆಗ್ಲಿ ಕಣವ್ವ!"

ಮಂಗಳವಾರ ಫೋಟೋ ಸ್ಟುಡಿಯೋದವನು ಬಂದ. ಓಡಿಸಿ ಬಂದವನೇ, "ಅಬ್ಬಾ! ನೂರು ದಾಟಿದ್ರೂ ಅಲ್ಲಾಡಲ್ಲ, ತಿರುವಲ್ಲಿ ಬೆಣ್ಣೆ! ಆದ್ರೆ ಮುಂದಿನ ಬ್ರೇಕು ಹಿಡೀತಿಲ್ಲ. ರಿಪೇರಿ ಆಗೋವರೆಗೂ ಯಾರಿಗೂ ಕೊಡಬ್ಯಾಡ ಅಂತ ಹೇಳು" ಅಂದ.

ಪಾಲಯ್ಯ ಓಡಿದ. "ಯಜಮಾನ್ರೇ! ಅಲ್ಲಾಡಲ್ವಂತೆ! ಬೆಣ್ಣೆಯಂತೆ!"

ಮುರುಗೇಂದ್ರಪ್ಪ ಹಿಗ್ಗಿ ಹೀರೇಕಾಯಿಯಾದ. ತನ್ನ ಭಾವಮೈದನನ್ನು ಕರೆದು, "ನೀನೂ ಒಂದು ರೌಂಡ್ ಹೊಡಿ" ಅಂದ. ಭಾವಮೈದ ಹೊಡೆದ. ರೌಂಡಲ್ಲ, ಎದುರಿನ ಎಳನೀರಿನ ಗಾಡಿಗೆ. ಗಾಡಿ ಮಗುಚಿತು, ಭಾವಮೈದನ ಕೈ ಮುರಿಯಿತು. ಬ್ರೇಕು ನೋಡದೆ ಬಿಟ್ಟ ಮೆಕ್ಯಾನಿಕ್ಕನನ್ನು ಒಬ್ಬರೂ ಬೈಯಲಿಲ್ಲ, ಬೈಗುಳವೆಲ್ಲ ಪಾಲಯ್ಯನ ಪಾಲಿಗೇ ಬಂತು.

"ಕತ್ತೇ! ಗಾಡಿಲಿ ಕೊರತೆ ಐತೆ ಅಂತ ಯಾರಾದ್ರೂ ಅಂದ್ರೆ ಕೀ ಕಿತ್ಕಂಡು ಗಟ್ಟಿಯಾಗಿ ಹಿಡ್ಕ! ಒಬ್ರನ್ನೂ ಹತ್ತಿಸಬ್ಯಾಡ!"

"ಆಗ್ಲಿ ಯಜಮಾನ್ರೇ!"

ಬುಧವಾರ ಹಿರಿಯೂರಿನ ಮೇಷ್ಟ್ರೊಬ್ಬರು ತಾವು ಕೊಂಡ ಬೈಕನ್ನು ಮನೆಗೊಯ್ಯಲು ಬಂದರು. ಹಾರ ಹಾಕಿಯಾಯಿತು, ಕುಂಕುಮ ಹಚ್ಚಿಯಾಯಿತು, ಚಕ್ರದಡಿ ನಿಂಬೆಹಣ್ಣು ಇಟ್ಟಾಯಿತು. ಹನ್ನೆರಡಕ್ಕೆ ರಾಹುಕಾಲ, ಅಷ್ಟರೊಳಗೆ ಹೊರಡಬೇಕು. ಮೇಷ್ಟ್ರ ಹೆಂಡತಿ ಹಿಂದಿನ ಸೀಟು ಮುಟ್ಟಿ ನೋಡಿ, "ಅಯ್ಯೋ, ಇದೊಂದು ಕೊರತೆ ನೋಡ್ರಿ. ಇಷ್ಟೇ ಇಷ್ಟಗಲ ಸೀಟಲ್ಲಿ ನಾನು ಕೂರೋದೆಂಗೆ?" ಅಂದರು.

ಕೊರತೆ! ಪಾಲಯ್ಯ ಹಾರಿ ಕೀ ಕಿತ್ತುಕೊಂಡ. ಮುಷ್ಟಿ ಬಿಗಿದ. ಮೇಷ್ಟ್ರು ಬೇಡಿದರು, ಕೊಡಲಿಲ್ಲ. ಮುರುಗೇಂದ್ರಪ್ಪ ಹೊಡೆದ, ಬಿಡಲಿಲ್ಲ. ಗಡಿಯಾರ ಹನ್ನೆರಡು ಬಡಿಯಿತು. "ಅಪಶಕುನ! ನಮಗೀ ಗಾಡಿ ಬ್ಯಾಡ!" ಎಂದು ಮೇಷ್ಟ್ರ ಹೆಂಡತಿ ಆಟೋ ಹತ್ತಿದರು, ಮೇಷ್ಟ್ರು ಹಿಂದೆಯೇ ಹತ್ತಿದರು.

ಆ ವಾರ ಹೋಗುವವರು ಬರುವವರೆಲ್ಲ ಬೈಕಿನ ಬಗ್ಗೆ ಅಭಿಪ್ರಾಯ ಹೇಳಿದರು. ಹ್ಯಾಂಡಲ್ ತಗ್ಗಾಯಿತಂತೆ, ಮೈಲೇಜು ಸಾಲದಂತೆ, ಕೆಂಪು ಬಣ್ಣ ಒಪ್ಪುತ್ತದಂತೆ. ಓಬಕ್ಕನ ಎದೆನೋವು ಹೇಗಿದೆ ಅಂತ ಒಬ್ಬ ನರಪಿಳ್ಳೆಯೂ ಕೇಳಲಿಲ್ಲ. ಅವಳು ಮತ್ತೆ ಮಾಲೀಕನ ಕಾಲು ಹಿಡಿದಳು, ಮತ್ತೆ ಮಗನಿಗೆ ಬುದ್ಧಿ ಹೇಳಿದಳು.

"ಗಾಡಿ ಇಷ್ಟ ಆಯ್ತು ಅಂದೋರ ಕೈಗೆ ಕೀ ಕೊಡ್ಬೇಕು ಕಣ್ಲಾ! ನಿಂಬೆಹಣ್ಣಿಟ್ಟು, ಕೈ ಮುಗ್ದು, ನಗ್‌ನಗ್ತಾ ಕಳಿಸ್ಬೇಕು!"

"ಆಗ್ಲಿ ಕಣವ್ವ!"

ಗುರುವಾರ ಮಧ್ಯಾಹ್ನ. ಓಡಿಸಿ ನೋಡುವವರ ಹೆಸರು ಬರೆದುಕೊಳ್ಳುವವನು ಊಟಕ್ಕೆ ಹೋಗಿದ್ದ. ಯಾವನೋ ಅಪರಿಚಿತ ಬಂದು ರಿಪೇರಿಯಾದ ಬೈಕನ್ನು ಅಂಗಳದಲ್ಲೇ ಒಂದು ಸುತ್ತು ಓಡಿಸಿದ. "ಭಾಳ ಇಷ್ಟ ಆಯ್ತು ಕಣಣ್ಣ! ಇಂಥ ಗಾಡಿ ಜನ್ಮದಲ್ಲಿ ಓಡ್ಸಿರ್ಲಿಲ್ಲ!"

ಪಾಲಯ್ಯ ಕೀ ಕೊಟ್ಟ. ನಿಂಬೆಹಣ್ಣಿಟ್ಟ. ಕೈ ಮುಗಿದ. "ನಿಮ್ದೇ ಗಾಡಿ ಸಾರ್! ಹೋಗ್ಬನ್ನಿ!"

ಅವನು ಹೋದ. ಬರಲಿಲ್ಲ.

ಮುರುಗೇಂದ್ರಪ್ಪ ಈ ಸಲ ಕೂಗಾಡಲಿಲ್ಲ, ಅದೇ ಹೆದರಿಕೆ. "ಶನಿವಾರದೊಳಗೆ ಗಾಡಿ ವಾಪಸ್ ಬಂದ್ರೆ ಇಬ್ರೂ ಇರ್ರಿ. ಇಲ್ದಿದ್ರೆ ಇಬ್ರೂ ನಡೀರಿ" ಅಂದ.

ದಾರಿಯುದ್ದಕ್ಕೂ ಓಬಕ್ಕ ಅತ್ತಳು. ಮನೆ ಬಾಗಿಲಲ್ಲಿ ನಿಂತು ಕಿರುಚಿದಳು. "ನಿನ್ನ ಹೆತ್ತ ಹೊಟ್ಟೆಗೆ ಬೆಂಕಿ ಹಾಕ! ಇನ್ನು ಯಾರು ಬಂದು ಏನು ಕೇಳಿದ್ರೂ ತುಟಿ ಎರಡು ಮಾಡಬ್ಯಾಡ! ಕೈ ಎತ್ತಬ್ಯಾಡ! ಕಲ್ಲಿನಂಗೆ ಕೂತಿರು! ನಾನೇ ಕೇಳಿದ್ರೂ ಮಾತಾಡಬ್ಯಾಡ!"

ಪಾಲಯ್ಯ "ಆಗ್ಲಿ ಕಣವ್ವ" ಅನ್ನಲಿಲ್ಲ. ಆಗಲೇ ಶುರು ಮಾಡಿದ್ದ.

ಶುಕ್ರವಾರ ಮುರುಗೇಂದ್ರಪ್ಪ ಶೋರೂಮಿನ ಶಟರ್ ಎಳೆದು ಪೊಲೀಸ್ ಠಾಣೆಗೆ ಹೋದ. ಪಾಲಯ್ಯ ಮೆಟ್ಟಿಲ ಮೇಲೆ ಕೂತ. ಓಬಕ್ಕ ಹಿತ್ತಲಿನ ನಲ್ಲಿಗೆ ನೀರು ತರಲು ಹೋದಳು. ಅಷ್ಟರಲ್ಲಿ ದಡದಡ ಸದ್ದು. ಅದೇ ಕೆಂಪು ಬೈಕು, ಅದೇ ಮನುಷ್ಯ.

"ಅಣ್ಣಾ, ಕದಿಯೋಕೇ ಬಂದಿದ್ದೆ ನಾನು. ನೀನು ನಿಂಬೆಹಣ್ಣಿಟ್ಟು ಕೈ ಮುಗಿದ್ಯಲ್ಲ, ಕಣ್ಣು ಮುಚ್ಚಿದ್ರೆ ಅದೇ ಬರ್ತದೆ. ನನ್ನನ್ನ ಯಾರೂ ಹಂಗೆ ನಂಬಿರ್ಲಿಲ್ಲ. ತಗೋ ಕೀ."

ಪಾಲಯ್ಯ ಕೈ ಎತ್ತಲಿಲ್ಲ.

"ತಗೋಳಣ್ಣ! ಯಜಮಾನ್ರು ಇದ್ದಾರಾ?"

ಪಾಲಯ್ಯ ತುಟಿ ಎರಡು ಮಾಡಲಿಲ್ಲ.

ಅವನು ಮುಚ್ಚಿದ ಶಟರ್ ನೋಡಿದ, ಪಾಲಯ್ಯನ ಮುಖ ನೋಡಿದ. ಬೆವರಿದ. "ಯಾಕಣ್ಣ ಮಾತಾಡ್ತಿಲ್ಲ? ಪೊಲೀಸ್ನೋರು ಒಳಗಿದ್ದಾರಾ? ನನ್ನ ಹಿಡಿಯೋಕೆ ಕಾಯ್ತಾ ಇದ್ದಾರಾ?"

ಕಲ್ಲಿನ ಹಾಗೆ ಕೂತಿದ್ದ ಪಾಲಯ್ಯ. ಬಂದವನು ಕೀ ತಿರುಗಿಸಿ, ಧೂಳೆಬ್ಬಿಸಿ, ಹಿಂತಿರುಗಿ ನೋಡದೆ ಹೈವೇ ಸೇರಿಕೊಂಡ.

ಓಬಕ್ಕ ಕೊಡ ಹೊತ್ತು ಬಂದಳು. ಅಂಗಳದಲ್ಲಿ ಟೈರಿನ ಗುರುತು ಹಸಿಯಾಗಿತ್ತು. ಕೊಡ ಕೆಳಗಿಟ್ಟು ಮಗನ ಹತ್ತಿರ ಓಡಿದಳು.

"ಪಾಲ, ಬೈಕು ಬಂದಿತ್ತೇನ್ಲಾ? ಯಾವ ಕಡೆ ಹೋಯ್ತು? ನಿನ್ ದಮ್ಮಯ್ಯ, ಹೇಳಪ್ಪ!"

ಪಾಲಯ್ಯ ಅವ್ವನನ್ನೇ ನೋಡಿದ. ಹುಟ್ಟಿದಾಗಿಂದ ಮೊದಲನೇ ಸಲ ಅವಳು ಹೇಳಿದ್ದನ್ನು ಅವನು ಒಂದೂ ತಪ್ಪದೆ ಮಾಡಿದ್ದ. ಈಗಲಾದರೂ ಭೇಷ್ ಅನ್ನುತ್ತಾಳೆ ಅಂತ, ತುಟಿ ಬಿಗಿಹಿಡಿದು ಕಾಯುತ್ತಾ ಕೂತ.